ಶರೀಫಾ ಬೀ ಹೆಕ್ಕಿ ತೆಗೆದ ಕಾಳುಗಳು

ಹರಪನಹಳ್ಳಿಯ ದಲ್ಲಾಳಿ ಅಂಗಡಿಗಳ ಸಾಲಿನಲ್ಲಿ ಶರೀಫಾ ಬೀ ಹಸನು ಮಾಡಿದ ಕಾಳೆಂದರೆ ಯಾರೂ ಮತ್ತೆ ಕೈಯಾಡಿಸಿ ನೋಡುತ್ತಿರಲಿಲ್ಲ. ಮೊರಕ್ಕೆ ಕಾಳು ಸುರುವಿಕೊಂಡು ನಾಲ್ಕು ಸಲ ಕೇರಿ, ಎರಡು ಸಲ ಒನೆದು, ಬೆರಳಾಡಿಸಿದರೆ ಮುಗಿಯಿತು. ಕಲ್ಲು ಒಂದು ಕಡೆ, ಜೊಳ್ಳು ಒಂದು ಕಡೆ, ಬೆರಕೆ ಕಾಳು ಒಂದು ಕಡೆ. ಬಿಳಿಜೋಳದ ರಾಶಿಯಲ್ಲಿ ಒಂದೇ ಒಂದು ಕೆಂಪು ಕಾಳು ಅಡಗಿ ಕೂತಿದ್ದರೂ ಅದಕ್ಕೆ ಉಳಿಗಾಲವಿರಲಿಲ್ಲ. ನಲವತ್ತೆರಡು ವಯಸ್ಸಿಗೆ ಆಕೆಯ ಕಣ್ಣು ಹದ್ದಿನದ್ದು, ನಾಲಿಗೆ ಮಾತ್ರ ಮೆತ್ತಗಿನದು. ಈ ಎರಡೂ ಒಬ್ಬರಲ್ಲೇ ಸಿಗುವುದು ಅಪರೂಪವೆಂದು ಅಂಗಡಿಯ ಪಂಚಾಕ್ಷರಪ್ಪ ಹೇಳುತ್ತಿದ್ದ. ಅವನಿಗೆ ಸಿಕ್ಕಿದ್ದ ಹೆಂಡತಿಯಲ್ಲಿ ಎರಡೂ ತಿರುವುಮುರುವಾಗಿದ್ದವು.

ಹಸನು ಮಾಡುವವರಿಗೆ ಒಂದು ಹಕ್ಕಿತ್ತು. ಹೆಕ್ಕಿ ತೆಗೆದದ್ದು ಹೆಕ್ಕಿದವರದ್ದು. ಕಡಿಕಾಳು, ಸುಕ್ಕುಗಾಳು, ಬೆರಕೆ, ಏನೇ ಇರಲಿ, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಒಯ್ಯಬಹುದು. ಸಾವುಕಾರ ಕೇಳುವ ಹಾಗಿಲ್ಲ. ಶರೀಫಾ ಬೀ ಮನೆಯ ಒಂಬತ್ತು ಕೋಳಿಗಳು ಊರಿನ ವ್ಯಾಪಾರದ ಕೊಳೆ ತಿಂದೇ ಮೈತುಂಬಿಕೊಂಡಿದ್ದವು. ಸಂಜೆ ಆಕೆ ಓಣಿಯ ತಿರುವಿನಲ್ಲಿ ಕಾಣಿಸಿದರೆ ಸಾಕು, ಗಂಡ ರಾಜಾಸಾಬ್ ಏಳುವ ಮೊದಲೇ ಕೋಳಿಗಳು ಎದುರುಗೊಳ್ಳಲು ಓಡಿಬರುತ್ತಿದ್ದವು.

ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಮಾರುಕಟ್ಟೆಗೆ ಜರಡಿ ಯಂತ್ರ ಬಂತು. ಹತ್ತು ಹೆಂಗಸರು ಒಂದು ದಿನ ಕೂತು ಮಾಡುವುದನ್ನು ಅದು ಒಂದು ತಾಸಿನಲ್ಲಿ, ಭಾರೀ ಗದ್ದಲ ಮಾಡಿಕೊಂಡು, ಅರ್ಧಂಬರ್ಧ ಮಾಡುತ್ತಿತ್ತು. ಅರ್ಧಂಬರ್ಧವೇ ಸಾಕು ಅನ್ನುವ ಕಾಲ ಬಂದಿತ್ತು. ಜೊತೆಗೆ ಕೂತು ಹಸನು ಮಾಡುತ್ತಿದ್ದ ಪಕ್ಕೀರಮ್ಮ, ಕನಕಮ್ಮ ಎಲ್ಲ ಬೇರೆ ಬೇರೆ ಕೂಲಿ ಹುಡುಕಿಕೊಂಡರು. ಶರೀಫಾ ಬೀ ಮಾತ್ರ ಮೊರ ಬಿಟ್ಟು ಬೇರೆ ಏನೂ ಹಿಡಿದವಳಲ್ಲ.

ಅಂಥ ಹೊತ್ತಿನಲ್ಲಿ ಪಂಚಾಕ್ಷರಪ್ಪನ ಸೊಸೆ, ಅಂದರೆ ಕೊಟ್ಟೂರಿನ ತಂಗಿಯ ಮಗಳು ಪುಷ್ಪಲತಾ, ಆಕೆಯನ್ನು ಹುಡುಕಿಕೊಂಡು ಬಂದಳು. ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ. ಮಾವನ ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಮೆಕ್ಕೆಜೋಳ ಹಾಕಿ, ಬೇರೆ ಗಿಡದ ಪರಾಗ ತಾಗದಂತೆ ಆಯ್ದ ತೆನೆಗಳಿಗೆ ಕಾಗದದ ಟೋಪಿ ತೊಡಿಸಿ, ಊರವರಿಗೆ ಒಂದು ಹಂಗಾಮಿನ ನಗೆ ಒದಗಿಸಿದ್ದಳು. ಈಗ ಟೋಪಿ ತೆಗೆದರೆ ತೆನೆಗಳು ವಿಚಿತ್ರವಾಗಿದ್ದವು. ಒಂದೇ ತೆನೆಯಲ್ಲಿ ನೇರಳೆ ಬಣ್ಣದ ಕಾಳು ಅರ್ಧ, ಬಿಳಿ ಕಾಳು ಅರ್ಧ.

"ನಲವತ್ತು ತೆನಿ ಅದಾವ ಶರೀಫಕ್ಕ," ಎಂದಳು ಪುಷ್ಪಲತಾ. "ಪ್ರತಿ ತೆನಿ ಬ್ಯಾರೆ ಬ್ಯಾರೆ ಸುಲೀರಿ. ಬಣ್ಣದ ಕಾಳು ಒಂದು ಚೀಲದಾಗ, ಬಿಳೇವು ಒಂದು ಚೀಲದಾಗ. ಮ್ಯಾಲೆ ತೆನಿ ನಂಬರಿನ ಚೀಟಿ ಕಟ್ರಿ. ಮುಂದಿಂದು ನಾ ಪರೀಕ್ಷೆ ಬರದು ಬಂದು ನೋಡ್ತೀನಿ."

ಹೋಗುವಾಗ ಇನ್ನೊಂದು ಮಾತು ಸೇರಿಸಿದಳು. ಹಗರಿಬೊಮ್ಮನಹಳ್ಳಿ ಕಡೆ ಹೊಸದಾಗಿ ಶುರುವಾಗುತ್ತಿದ್ದ ಒಂದು ಬೀಜ ಕೇಂದ್ರದಲ್ಲಿ ಕಾಳು ಪರೀಕ್ಷೆಗೆ ಒಬ್ಬ ಹೆಂಗಸು ಬೇಕಾಗಿದ್ದಳು. ಓದು ಇಲ್ಲದಿದ್ದರೂ ನಡೆಯುತ್ತದೆ, ಕೈ ಮಾತ್ರ ನೆಚ್ಚುವಂತಿರಬೇಕು. "ಇದು ಚಲೋ ಆದ್ರ ನಿಮ್ಮ ಹೆಸರು ನಾನ ಬರದು ಕೊಡ್ತೀನಿ."

ವರ್ಷವಿಡೀ ಕೆಲಸ, ತಲೆಯ ಮೇಲೆ ನೆರಳು, ಕೈಯಲ್ಲಿ ಮೊರ. ಶರೀಫಾ ಬೀಗೆ ಆ ಕೆಲಸ ಬೇಕಿತ್ತು. ಬಾಯಿಬಿಟ್ಟು ಕೇಳುವಷ್ಟು ಬೇಕಿತ್ತು. ಆದರೆ ಕೇಳಲಿಲ್ಲ, ತೆನೆ ಸುಲಿಯತೊಡಗಿದಳು.

ಎರಡು ತೆನೆ ಮುಗಿಯುವುದರೊಳಗೆ ಆಕೆಯ ಕಣ್ಣಿಗೆ ಒಂದು ಸಂಗತಿ ಬಿತ್ತು. ಬಣ್ಣದ ಕಾಳೆಲ್ಲ ದುಂಡಗೆ, ಬಿಳಿ ಕಾಳೆಲ್ಲ ಸುಕ್ಕು. ಎಲ್ಲೋ ತೆನೆಗೆ ಒಂದೋ ಎರಡೋ ತಪ್ಪಿದವು: ಬಣ್ಣವಿದ್ದೂ ಸುಕ್ಕಾದದ್ದು, ಬಿಳಿಯಿದ್ದೂ ದುಂಡಗಿದ್ದದ್ದು. ಮೂವತ್ತು ವರ್ಷದ ಕಸುಬಿನ ಪ್ರಕಾರ ಅವಕ್ಕೆ ಒಂದೇ ಹೆಸರು, ಬೆರಕೆ. ಪಕ್ಕದ ರಾಶಿಯಿಂದ ಸಿಡಿದು ಬಂದಿರಬೇಕು. ಚೀಲ ನೋಡಿದ ಪುಷ್ಪಮ್ಮ, "ಏನ್ರಿ ಶರೀಫಕ್ಕ, ಬಣ್ಣದ ಚೀಲದಾಗ ಸುಕ್ಕು ಬಿಟ್ಟೀರಲ್ಲ" ಅಂದರೆ ಮುಖ ಎಲ್ಲಿಡುವುದು? ಯಾರೂ ಹೇಳದಿದ್ದರೂ ತನ್ನ ಹೆಸರಿಗೆ ತಕ್ಕ ಹಾಗೆ ಆ ಒಂಟಿ ಕಾಳುಗಳನ್ನು ಹೆಕ್ಕಿದಳು, ಸೆರಗಿಗೆ ಕಟ್ಟಿದಳು, ಸಂಜೆ ಕೋಳಿಗೆ ಚೆಲ್ಲಿದಳು. ಕೋಳಿಗಳಿಗೆ ಅಂಥ ರಂಗಿನ ಊಟ ಹಿಂದೆಂದೂ ಸಿಕ್ಕಿರಲಿಲ್ಲ.

ಪುಷ್ಪಲತಾ ಮರಳಿ ಬರುವಷ್ಟರಲ್ಲಿ ಮೂವತ್ತನಾಲ್ಕು ತೆನೆಯ ಜೋಡಿ ಚೀಲಗಳು ಸಾಲಾಗಿ ಕೂತಿದ್ದವು. ಎರಡು ದಿನ ಆ ಹುಡುಗಿ ಪಡಸಾಲೆಯಲ್ಲಿ ಕೂತು ಕಾಳು ಕಾಳನ್ನೂ ಬ್ಲೇಡಿನಿಂದ ಕೆರೆದು, ಗಾಯಕ್ಕೆ ಹಚ್ಚುವ ಟಿಂಚರನ್ನು ತೊಟ್ಟು ತೊಟ್ಟಾಗಿ ಬಿಟ್ಟಳು. ಕೆಲವು ಕಾಳು ಶಾಯಿಯ ಹಾಗೆ ಕಪ್ಪಾಗುತ್ತಿದ್ದವು, ಅವು ಸಾಮಾನ್ಯದವು. ಕೆಲವು ಕಂದು ಕೆಂಪಾಗುತ್ತಿದ್ದವು, ಅವು ಒಳಗೆ ಮೇಣದಂಥ ಹಿಟ್ಟಿದ್ದವು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಶರೀಫಾ ಬೀ ಟಿಂಚರಿಲ್ಲದೆಯೇ, ಸಿಪ್ಪೆಯ ಮಂಕು ನೋಡಿಯೇ ಮೇಣಗಾಳನ್ನು ಹೇಳುವಂತಾಗಿದ್ದಳು. ಹುಡುಗಿ ಇಪ್ಪತ್ತು ಕಾಳು ಕೊಟ್ಟು ಪರೀಕ್ಷಿಸಿದಳು. ಇಪ್ಪತ್ತಕ್ಕೆ ಇಪ್ಪತ್ತು.

ಎರಡನೆಯ ದಿನ ಮಧ್ಯಾಹ್ನ ಪುಷ್ಪಲತಾ ಕೈಚೆಲ್ಲಿ ಕೂತಳು.

"ಹತ್ತು ಸಾವಿರ ಕಾಳಿನ್ಯಾಗ ಒಂದೂ ಬ್ಯಾರೆ ಆಗಿಲ್ಲ ಮಾವಾ."

"ಬ್ಯಾರೆ ಆಗದಿದ್ರ ಚಲೋನ ಅಲ್ಲೇನ?" ಎಂದ ಪಂಚಾಕ್ಷರಪ್ಪ. ಅವನ ತಮ್ಮಂದಿರು ಆಗಷ್ಟೇ ಬೇರೆಯಾಗಿದ್ದರು.

ಮೂವತ್ತೈದನೆಯ ತೆನೆಯನ್ನು ಅರ್ಧ ಸುಲಿದಿದ್ದ ಶರೀಫಾ ಬೀ ತಲೆಯೆತ್ತಿದಳು. "ಏನು ಬ್ಯಾರೆ ಆಗಬೇಕಿತ್ರಿ, ಪುಷ್ಪಮ್ಮ?"

ಪುಷ್ಪಲತಾ ಆಕೆಯ ಕೊರಳಿನ ಕರಿಮಣಿ ಸರವನ್ನು ತೋರಿಸಿದಳು. "ಕಾಳಿನ ಗುಣ ಎಲ್ಲಾ ಹಿಂಗ ಒಂದು ಸರದಾಗ ಪೋಣಿಸಿರ್ತಾವ ಅಂತ ತಿಳೀರಿ. ಬಣ್ಣ ಒಂದು ಮಣಿ, ಸುಕ್ಕು ಒಂದು ಮಣಿ, ಮೇಣ ಒಂದು ಮಣಿ. ಬೀಜ ಕಟ್ಟೋವಾಗ ಆ ಸರ ಎಲ್ಲೋ ಒಂದು ಕಡೆ ಹರಿದು ಇನ್ನೊಂದು ಸರದ ತುಂಡಿಗೆ ಕೂಡ್ತೈತಿ. ದೂರದ ಮಣಿ ಆಗಾಗ ಅಗಲ್ತಾವ, ಹತ್ರದವು ಅಪರೂಪಕ್ಕ. ಎಷ್ಟು ಸಲ ಅಗಲಿದ್ವು ಅಂತ ಎಣಿಸಿದ್ರ ಎಷ್ಟು ದೂರ ಅದಾವ ಅಂತ ಗೊತ್ತಾಕ್ಕೈತಿ. ಕಣ್ಣಿಗೆ ಕಾಣದ ಸರದ ಮ್ಯಾಲೆ ಮಣಿ ಯಾವ ಸಾಲಿನ್ಯಾಗ ಅದಾವ ಅಂತ ಬರೇ ಎಣಿಕಿಯಿಂದ ಹೇಳಬಹುದು."

"ಸರಿ."

"ಬಣ್ಣ, ಸುಕ್ಕು ಎರಡೂ ಹತ್ರ ಅದಾವ. ಮೇಣ ದೂರ. ಆದರ ಮೇಣಕ್ಕ ಹತ್ತಿ ನಡುವ ಕುಂತದ್ದು ಯಾವುದು, ಬಣ್ಣನೋ ಸುಕ್ಕೋ? ಅದು ತಿಳೀಬೇಕಂದ್ರ ಅವೆರಡೂ ಅಗಲಿದ ಕಾಳು ಬೇಕು. ಬಣ್ಣ ಇದ್ದು ಸುಕ್ಕಾಗಿದ್ದು, ಬಿಳೀದಿದ್ದು ದುಂಡಗಿದ್ದದ್ದು. ಮೇಣ ಬಂದದ್ದು ಬಿಳೀ ಸುಕ್ಕುಗಾಳಿನ ಸರದಾಗ; ಅಗಲಿದ ಕಾಳಿನ್ಯಾಗ ಅದು ಬಿಳೀ ಬಣ್ಣದ ಬೆನ್ನು ಹತ್ತೈತೋ ಸುಕ್ಕಿನ ಬೆನ್ನು ಹತ್ತೈತೋ ಅಂತ ನೋಡಿದ್ರ ಆತು. ಅಂಥ ಕಾಳು ಒಂದೂ ಇಲ್ಲ. ಎರಡೂ ಒಂದ ಮಣಿ ಅಂತ ಬರದು ಸೋಮವಾರ ನಮ್ಮ ಸರ್‌ಗೆ ಕೊಡಬೇಕು."

ಶರೀಫಾ ಬೀಯ ಕೈ ಮೊರದ ಮೇಲೆ ನಿಂತುಬಿಟ್ಟಿತು. ಬಣ್ಣ ಇದ್ದು ಸುಕ್ಕಾಗಿದ್ದು. ಬಿಳಿಯಿದ್ದು ದುಂಡಗಿದ್ದದ್ದು. ಆ ಗಳಿಗೆಯಲ್ಲೇ ಆಕೆಯ ಸೆರಗಿನ ಗಂಟಿನಲ್ಲಿ ಅಂಥವು ಮೂರು ಇದ್ದವು.

ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಬೀಜ ಕೇಂದ್ರ ಹೋಯಿತು. ಅದು ಹೋದರೂ ಹೋಗಲಿ, ಶರೀಫಾ ಬೀ ಹಸನು ಮಾಡಿ ಒಬ್ಬ ಹುಡುಗಿಯ ಓದು ಕೆಡಿಸಿದಳು ಎಂಬ ಮಾತು ಅಂಗಡಿ ಸಾಲಿನಲ್ಲಿ ಒಂದೇ ದಿನಕ್ಕೆ ಹಬ್ಬುತ್ತಿತ್ತು. ಆ ಹೆಸರೊಂದನ್ನು ಬಿಟ್ಟರೆ ಬದುಕಿನಲ್ಲಿ ಆಕೆ ಗಳಿಸಿದ್ದೇನೂ ಇರಲಿಲ್ಲ. ತಲೆನೋವು ಎಂದು ಹೇಳಿ ಎದ್ದು ಮನೆಗೆ ನಡೆದಳು.

ಕೋಳಿಗಳು ಓಡಿಬಂದವು. ಅವತ್ತು ಗಂಟು ಬಿಚ್ಚಲಿಲ್ಲ.

ರಾಜಾಸಾಬ್ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಹೆಂಡತಿ ಹೇಳಿದ್ದನ್ನೆಲ್ಲ ಕೈಗೆ ಸೀಮೆಎಣ್ಣೆ ಹಚ್ಚಿ ಮಸಿ ಉಜ್ಜಿಕೊಳ್ಳುತ್ತಲೇ ಕೇಳಿದ. ಕಾಳಿನ ಸರದ ವಿಷಯ ಅವನಿಗೆ ಅರ್ಧವೂ ತಿಳಿಯಲಿಲ್ಲ. ತಿಳಿಯಬೇಕಾದದ್ದು ತಿಳಿಯಿತು. ಮನೆಯಲ್ಲಿ ಅವರ ಮಾತು ಉರ್ದುವಿನಲ್ಲಿ, ಅವನು ಕೇಳಿದ್ದು ಇಷ್ಟೇ: "ಗಾಡಿ ಹೋದ ಮೇಲೆ ನಟ್ಟು ಬಿಗಿ ಮಾಡಿಲ್ಲ ಅಂತ ನೆನಪಾದರೆ ನಾನು ಏನು ಮಾಡ್ತೀನಿ?"

"ಸೈಕಲ್ ಹತ್ತಿ ಹಿಂದೆ ಓಡ್ತೀ."

"ಒಮ್ಮೆ ಉಚ್ಚಂಗಿದುರ್ಗದ ತನಕ ತುಳಿದಿದ್ದೆ. ಟ್ರ್ಯಾಕ್ಟರಿನವನು ಬೈದ. ಬೈಸಿಕೊಂಡೇ ಬಿಗಿ ಮಾಡಿ ಬಂದೆ." ಸ್ವಲ್ಪ ತಡೆದು ಹೇಳಿದ, "ಈಗಲೂ ಅವನು ಬೇರೆ ಮೆಕ್ಯಾನಿಕ್ ಹತ್ರ ಹೋಗಲ್ಲ."

ಮರುದಿನ ಬೆಳಿಗ್ಗೆ ಮೊದಲು ಸಿಕ್ಕವನು ಪಂಚಾಕ್ಷರಪ್ಪ. ವಿಷಯ ಕೇಳಿ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಬಾಯಿ ಮುಚ್ಚಿಕೊಂಡಿರು ಶರೀಫಾ. ಎರಡೂ ಒಂದ ಮಣಿ ಅಂತ ಬರಕೊಳ್ಳಿ ಬಿಡು. ಯಾರಪ್ಪನ ಗಂಟು ಹೋಗೋದೈತಿ? ಕೋಳಿ ಏನು ಸಾಕ್ಷಿ ಹೇಳ್ತಾವೇನು?" ಒಳ್ಳೆಯ ಮನುಷ್ಯ, ಆಕೆಯ ಕೆಲಸ ಉಳಿಯಲಿ ಎಂದೇ ಹೇಳಿದ್ದು. ಜಗತ್ತಿನಲ್ಲಿ ಅರ್ಧ ಸುಳ್ಳು ಇಂಥ ಒಳ್ಳೆಯವರ ಸಲಹೆಯಿಂದಲೇ ನಿಂತಿದೆ.

ಶರೀಫಾ ಬೀ ಅವನನ್ನು ದಾಟಿ ಪಡಸಾಲೆಗೆ ಹೋಗಿ, ಪುಷ್ಪಲತಾಳ ಮುಂದೆ ಕೂತು, ಸೆರಗಿನ ಗಂಟು ಬಿಚ್ಚಿದಳು. ಎರಡು ನೇರಳೆ ಸುಕ್ಕುಗಾಳು, ಒಂದು ಬಿಳಿ ದುಂಡುಗಾಳು.

ಹುಡುಗಿ ಅವನ್ನು ನೋಡಿದಳು. ಮುಟ್ಟಿದಳು. "ಇವು ಎಲ್ಲಿಂದ ಬಂದ್ವು?"

"ನಿಮ್ಮ ತೆನಿಯವ್ರಿ. ಬೆರಕಿ ಅಂತ ತಗದಿದ್ದೆ. ಮೂವತ್ನಾಕು ತೆನಿಯಾಗೂ ತಗದೀನಿ, ಮೂವತ್ತೈದನೇದು ಅರ್ಧ. ತೆನಿಗೆ ಒಂದೋ ಎರಡೋ."

"ಉಳಿದವು ಎಲ್ಲಿ ಅದಾವ?"

"ಕೋಳಿ ತಿಂದಾವ್ರಿ."

ಪುಷ್ಪಲತಾಗೆ ಅಳು ಬಂತು. ಒಂದು ವರ್ಷದ ಬೆಳೆ, ಎರಡು ಹಂಗಾಮಿನ ತಳಿ ಕೂಡಿಕೆ, ನಲವತ್ತು ಟೋಪಿ. ಎಲ್ಲದರ ತಿರುಳನ್ನೂ ಒಂಬತ್ತು ಕೋಳಿ ತಿಂದು ತೇಗಿದ್ದವು. ನಾನು ಸರಿಯಾಗಿ ಹೇಳಿ ಹೋಗಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು, ಆಮೇಲೆ ಶರೀಫಾ ಬೀಯನ್ನೂ ಬೈದಳು. ಶರೀಫಾ ಬೀ ಬೈಸಿಕೊಂಡಳು. ಅತ್ತು ಮುಗಿದ ಮೇಲೆ ಹುಡುಗಿ ಮುಖ ತೊಳೆದು ಬಂದು, ಮುಟ್ಟದೆ ಉಳಿದಿದ್ದ ಐದು ತೆನೆಗಳನ್ನು ಎಳೆದುಕೊಂಡಳು.

"ನೀವು ಮುಟ್ಟಬ್ಯಾಡ್ರಿ."

ಶರೀಫಾ ಬೀ ಕಂಬಕ್ಕೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಾಳಿನ ಎದುರು ಆಕೆಯ ಕೈ ಹಾಗೆ ಸುಮ್ಮನೆ ಬಿದ್ದಿದ್ದು ಅದೇ ಮೊದಲು. ಬೈಗಳಿಗಿಂತ ಅದು ಹೆಚ್ಚು ನೋಯಿಸಿತು.

ಪುಷ್ಪಲತಾ ಮೂವತ್ತಾರನೆಯ ತೆನೆ ಸುಲಿದು ಬಹಳ ಹೊತ್ತು ಹುಡುಕಿ ಒಂದು ಒಂಟಿ ಕಾಳು ಹಿಡಿದಳು. ಉಳಿದದ್ದನ್ನು ಚೀಲಕ್ಕೆ ಸುರುವಲು ಹೊರಟಾಗ ಕಂಬದ ಕಡೆಯಿಂದ ಮೆತ್ತಗೆ ದನಿ ಬಂತು. "ಇನ್ನೊಂದೈತಿ ನೋಡ್ರಿ. ನಿಮ್ಮ ಎಡಗೈ ಹೆಬ್ಬೆರಳಿನ ಹತ್ರ."

ಇತ್ತು. ಹುಡುಗಿ ಅದನ್ನೂ ಶರೀಫಾ ಬೀಯನ್ನೂ ಎರಡೆರಡು ಸಲ ನೋಡಿದಳು. ಆಮೇಲೆ ಮೊರವನ್ನು ಆಕೆಯ ಕಡೆ ಸರಿಸಿ, ಪಕ್ಕದಲ್ಲಿ ಒಂದು ಖಾಲಿ ಬಟ್ಟಲು ಇಟ್ಟಳು. ಒಂಟಿ ಕಾಳಿನ ಬಟ್ಟಲು.

ಆ ಎರಡಕ್ಕೂ ಟಿಂಚರು ಬಿಟ್ಟರು. ಎರಡರಲ್ಲೂ ಮೇಣ ಸುಕ್ಕಿನ ಪಕ್ಷವನ್ನೇ ಹಿಡಿದಿತ್ತು. ಪುಷ್ಪಲತಾ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಳು. ಗೆಲುವಿನ ಬಣ್ಣ ಮುಖಕ್ಕೆ ಬಂದಿತ್ತು. ಶರೀಫಾ ಬೀ ಕೇಳಿಯೇಬಿಟ್ಟಳು. "ಹಂಗಾರ ಸುಕ್ಕು ನಡುವ ಐತಿ ಅಂತ ಆತೇನ್ರಿ?"

"ಇಲ್ಲ. ಮೇಣ ಸ್ವಲ್ಪ ದೂರ ಐತಲ್ಲ, ಐದು ಸಲದಾಗ ನಾಲ್ಕು ಸಲ ಪಕ್ಕದವಳ ಕೈ ಹಿಡೀತೈತಿ, ಒಂದು ಸಲ ಕೈ ಕೊಡತೈತಿ. ಹಂಗಾಗಿ ಒಂದು ಕಾಳು ಹೇಳಿದ್ದನ್ನ ನಂಬಂಗಿಲ್ಲ. ಸುಕ್ಕಿನ ಕಡೆ ಒಂದು ಕಾಳು ಬಿದ್ರ ಮಾತು ನಾಲ್ಕು ಪಟ್ಟು ಗಟ್ಟಿ. ಎರಡು ಬಿದ್ರ ಹದಿನಾರು ಪಟ್ಟು. ಬಣ್ಣದ ಕಡೆ ಒಂದು ಬಿದ್ರ ಮತ್ತ ನಾಲ್ಕು ಪಟ್ಟು ಸಡಿಲ. ನಮ್ಮ ಸರ್ ಸಾವಿರ ಪಟ್ಟು ಗಟ್ಟಿ ಆಗೋತನಕ ಒಪ್ಪಂಗಿಲ್ಲ. ಅಂದ್ರ ಸುಕ್ಕು ಐದು ಗೆರಿ ಮುಂದ ಇರಬೇಕು."

ಐದು ಗೆರೆ. ಶರೀಫಾ ಬೀಗೆ ಅಂಕಿ ಗೊತ್ತಿತ್ತು. ಈಗ ಎರಡು ಮುಂದೆ.

ಮೂವತ್ತೇಳನೆಯ ತೆನೆಯಲ್ಲಿ ಒಂದೂ ಇಲ್ಲ. ಎರಡು ಸಲ ಹುಡುಕಿದರೂ ಇಲ್ಲ. ಮೂವತ್ತೆಂಟರಲ್ಲಿ ಮೂರು ಸಿಕ್ಕವು: ಎರಡು ಸುಕ್ಕಿನ ಕಡೆ, ಒಂದು ಬಣ್ಣದ ಕಡೆ. ಮೂರು ಮುಂದೆ. ಮೂವತ್ತೊಂಬತ್ತರಲ್ಲಿ ಒಂದು, ಸುಕ್ಕಿನ ಕಡೆ. ನಾಲ್ಕು ಮುಂದೆ. ಪಂಚಾಕ್ಷರಪ್ಪ ಅಂಗಡಿಗೆ ಹೋಗುವುದನ್ನು ಬಿಟ್ಟು ಗೋಡೆಯ ಮುಂದೆ ನಿಂತಿದ್ದ. ಕಡೆಯ ತೆನೆಯ ಮೊದಲ ಒಂಟಿ ಕಾಳು ಸಿಕ್ಕಿತು, ಟಿಂಚರು ಬಿದ್ದಿತು, ಸುಕ್ಕಿನ ಕಡೆ! ಐದು! ಪಂಚಾಕ್ಷರಪ್ಪ ಕೈತಟ್ಟಿದ.

"ಇರ್ರಿ ಸಾವುಕಾರ್ರ," ಎಂದಳು ಶರೀಫಾ ಬೀ. ಮೊರದಲ್ಲಿ ಇನ್ನೂ ಬೊಗಸೆಯಷ್ಟು ಕಾಳಿತ್ತು. ಆಕೆಯ ಕಣ್ಣಿಗೆ ಇನ್ನೊಂದು ಬಿದ್ದಿತ್ತು, ಬಿಳಿಯ ದುಂಡುಗಾಳು. ಸಿಪ್ಪೆಯ ಮಂಕು ನೋಡಿದ ಕೂಡಲೇ ಆಕೆಗೆ ಗೊತ್ತಾಯಿತು, ಇದರಲ್ಲಿ ಮೇಣ ಬಿಳಿಯ ಜೊತೆ ಹೋಗಿದೆ, ಅಂದರೆ ಬಣ್ಣದ ಕಡೆಯ ಗೆರೆ. ಬಾಯಿ ಮುಚ್ಚಿಕೊಂಡು ಕೈ ಆಡಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎತ್ತಿ ಬಟ್ಟಲಿಗೆ ಹಾಕಿದಳು.

ಟಿಂಚರು ಆಕೆಯ ಮಾತನ್ನೇ ಹೇಳಿತು. ಸುಕ್ಕಿನ ಕಡೆ ಆರು, ಬಣ್ಣದ ಕಡೆ ಎರಡು. ನಾಲ್ಕೇ ಮುಂದೆ.

ತೆನೆ ಮುಗಿದಿದ್ದವು. ಪುಷ್ಪಲತಾಳ ಕಣ್ಣು ಬೆಳಿಗ್ಗೆ ಗಂಟಿನಿಂದ ಬಿಚ್ಚಿಟ್ಟ ಆ ಮೂರು ಕಾಳಿನ ಕಡೆ ಹೋಯಿತು. ಟಿಂಚರು ಬಿಟ್ಟು ನೋಡಿದಳು. ಎರಡು ಸುಕ್ಕಿನ ಕಡೆ, ಒಂದು ಬಣ್ಣದ ಕಡೆ. ಕೂಡಿಸಿದರೆ ಸರಿಯಾಗಿ ಐದು.

"ಶರೀಫಕ್ಕ, ಇವೂ ನಮ್ಮ ತೆನಿಯವ ಅಲ್ಲ? ಸೇರಿಸಿದ್ರ ಆಗಿಹೋತು."

ಪಂಚಾಕ್ಷರಪ್ಪ, "ಹೌದೌದು, ಸೇರಿಸು, ಸೇರಿಸು," ಎಂದ.

ಸೇರಿಸಿದರೆ ಹುಡುಗಿಯ ಓದು ಉಳಿಯುತ್ತದೆ. ಉಳಿದರೆ ಆಕೆ ಪತ್ರ ಬರೆದುಕೊಟ್ಟರೂ ಕೊಟ್ಟಾಳು. ಶರೀಫಾ ಬೀ ಆ ಮೂರು ಕಾಳುಗಳನ್ನು ಅಂಗೈಗೆ ಎತ್ತಿಕೊಂಡು ನೋಡಿದಳು.

"ಬ್ಯಾಡ್ರಿ, ತಾಯಿ. ಇವು ಮೂವತ್ತೈದನೇದವೋ, ಹಿಂದಿನವು ಗಂಟಿನ್ಯಾಗ ಉಳಿದವೋ ನನಗ ಗೊತ್ತಿಲ್ಲ. ಗಂಟಿನ್ಯಾಗ ಎಷ್ಟು ಹಾಕಿದ್ದೆ, ದಾರ್ಯಾಗ ಎಷ್ಟು ಉದುರಿದ್ವು, ಯಾವ ಕಡೆದವು ಉದುರಿದ್ವು, ಯಾರು ಹೇಳಬೇಕು? ಇವು ಖರೇನ ಬೆರಕಿ."

ಪುಷ್ಪಲತಾ ನಿಧಾನವಾಗಿ ತಲೆಯಾಡಿಸಿದಳು. ನಾಲ್ಕು ನಾಲ್ಕಲೆ ಹದಿನಾರು, ಹದಿನಾರು ನಾಲ್ಕಲೆ ಅರವತ್ತನಾಲ್ಕು, ಅದರ ನಾಲ್ಕು ಪಟ್ಟು ಇನ್ನೂರ ಐವತ್ತಾರು. ವರದಿಯಲ್ಲಿ ಹಾಗೆಯೇ ಬರೆದಳು: ಸುಕ್ಕು ನಡುವೆ ಇದೆ ಎಂಬುದಕ್ಕೆ ಇನ್ನೂರ ಐವತ್ತಾರು ಪಾಲು, ಬಣ್ಣಕ್ಕೆ ಒಂದು ಪಾಲು, ಸಾಲದು. ಉಳಿದ ತೆನೆಗಳನ್ನು ಯಾಕೆ ಬಿಟ್ಟದ್ದೆಂದೂ ಬರೆದಳು. ಕೋಳಿಗಳನ್ನೂ ಬಿಡಲಿಲ್ಲ.

ಗುರುಗಳು ಅರ್ಧ ಗಂಟೆ ಬೈದರಂತೆ. ಬೈದು ಮುಗಿಸಿ, ಇನ್ನೊಂದು ಹಂಗಾಮು ಕೊಟ್ಟರಂತೆ. ಉಳಿಸಿಟ್ಟ ಬೀಜವನ್ನು ಬೇಸಿಗೆಯಲ್ಲಿ ಬಾವಿಯ ನೀರು ನಂಬಿ ಬಿತ್ತಿದರು. ಮತ್ತೆ ಟೋಪಿ, ಮತ್ತೆ ಊರವರ ನಗೆ. ಈ ಸಲ ಅರವತ್ತು ತೆನೆ, ಶರೀಫಾ ಬೀಯ ಮೊರ, ಪಕ್ಕದಲ್ಲಿ ಒಂಟಿ ಕಾಳಿನ ಬಟ್ಟಲು. ತೊಂಬತ್ತೊಂದು ಒಂಟಿ ಕಾಳು ಸಿಕ್ಕವು. ಎಪ್ಪತ್ತನಾಲ್ಕು ಸುಕ್ಕಿನ ಕಡೆ. ಸಾವಿರ ಪಟ್ಟು ಎಲ್ಲಿಯೋ ಹಿಂದೆ ಉಳಿದುಹೋಯಿತು, ಗೋಡೆಯಲ್ಲಿ ಗೆರೆಗೆ ಜಾಗ ಸಾಲಲಿಲ್ಲ. ಸುಕ್ಕು ನಡುವೆಯೇ ಇತ್ತು.

ಎರಡು ಸಾವಿರನೆಯ ಇಸವಿಯ ಜೂನ್‌ನಲ್ಲಿ ಶರೀಫಾ ಬೀ ಪುಷ್ಪಲತಾ ಕೊಟ್ಟ ಮುಚ್ಚಿದ ಲಕೋಟೆ ಹಿಡಿದು, ಒಗೆದ ಸೀರೆ ಉಟ್ಟು, ಬೀಜ ಕೇಂದ್ರದ ಬಾಗಿಲಲ್ಲಿ ನಿಂತಳು. ಒಳಗೆ ಏನಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ಕೇಂದ್ರದ ಅಧಿಕಾರಿ ಬೆನಕಪ್ಪ ಕನ್ನಡಕ ಏರಿಸಿ ಓದಿದರು, ಹುಬ್ಬು ಗಂಟಿಕ್ಕಿದರು, ಮತ್ತೊಮ್ಮೆ ಓದಿದರು.

"ಏನಮ್ಮ, ಇದು ಶಿಫಾರಸೋ, ನಿನ್ನ ಮ್ಯಾಲಿನ ದೂರೋ?" ಎಂದವರು ಗಟ್ಟಿಯಾಗಿಯೇ ಓದಿದರು: "'ಈಕೆ ನನ್ನ ಮೂವತ್ತನಾಲ್ಕು ತೆನೆಗಳ ಲೆಕ್ಕ ಕೆಡಿಸಿದ್ದಾರೆ. ಅದು ನನಗೆ ಗೊತ್ತಾದದ್ದು ಈಕೆಯೇ ಬಂದು ಹೇಳಿದ್ದರಿಂದ. ಈಕೆ ಹೇಳದಿದ್ದರೆ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಕೆಲಸವನ್ನು ಇವರಿಗೇ ಕೊಡಿ.'"

ಶರೀಫಾ ಬೀಯ ಕಣ್ಣು ತುಂಬಿ ಬಂತು. ಸೆರಗಿನ ತುದಿಯಿಂದ ಒರೆಸಿಕೊಂಡು, ಒಂದು ಹೆಜ್ಜೆ ಮುಂದೆ ಬಂದು, ತಗ್ಗಿದ ದನಿಯಲ್ಲಿ ಹೇಳಿದಳು:

"ಮೂವತ್ನಾಕಲ್ರಿ ಸಾಹೇಬ್ರ, ಮೂವತ್ತೈದು. ಕಡೇದು ಅರ್ಧ ಸುಲಿದಿದ್ದೆ, ಅದೂ ಕೆಟ್ಟಿತ್ತು. ತಿದ್ದಿಕೊಳ್ರಿ."

ಬೆನಕಪ್ಪನವರು ಪೆನ್ನು ತೆಗೆದು ಪತ್ರದಲ್ಲಿ ಮೂವತ್ತೈದು ಎಂದು ತಿದ್ದಿದರು. ಆಮೇಲೆ ಎದ್ದು ಹೋಗಿ ಆಕೆಗೆ ಮೊರ ತಂದುಕೊಟ್ಟರು.